ಎಣ್ಣೆಕೊಳದ ಲೆಕ್ಕ

ಲಾರಿ ಬಂದು ಇವತ್ತಿಗೆ ಹನ್ನೊಂದು ದಿನ.
ಸಮುದ್ರ ಅಲ್ಲೆಲ್ಲೋ ಕುತ್ತಿಗೆಯಷ್ಟು ಕಿರಿದಾಗುತ್ತದಂತೆ,
ಆ ಕುತ್ತಿಗೆಯ ಮೇಲೆ ಯಾರೋ ಕೈಯಿಟ್ಟು ಕೂತಿದ್ದಾರಂತೆ.
ನಾನು ಸಮುದ್ರ ಕಂಡವಳಲ್ಲ,
ದುರ್ಗದಲ್ಲಿ ಹುಟ್ಟಿದವಳಿಗೆ ಸಂತೆಹೊಂಡವೇ ದೊಡ್ಡ ನೀರು.
ಆದರೂ ಅಲ್ಲಿ ಹಡಗು ನಿಂತರೆ
ಇಲ್ಲಿ, ಮೆದೇಹಳ್ಳಿ ರಸ್ತೆಯ ನನ್ನ ಕಿಟಕಿಯೆದುರು
ಬೆಳಿಗ್ಗೆ ಆರಕ್ಕೇ ಸಾಲು ನಿಲ್ಲುತ್ತದೆ.

ಗೋಡೌನಿನಲ್ಲಿ ತುಂಬಿದವು ನಲವತ್ತೊಂದು.
ಬರೆಸಿದವರು ಎಂಟುನೂರ ಆರು.
‘ಹೆಂಗಾರ ನಿಭಾಯ್ಸು ಕರಿಬಸಮ್ಮ’ ಅಂದರು ಮಾಲೀಕರು.
ನಿಭಾಯಿಸು ಅನ್ನುವುದು ಮೇಲಿಂದ ಉರುಳಿಬಿಟ್ಟ ಗುಂಡು,
ರಾಜಧಾನಿಯಲ್ಲಿ ಹೊರಟದ್ದು
ಕಾರಕೂನಳ ಮೇಜಿಗೆ ಬಂದು ನಿಲ್ಲುತ್ತದೆ.

ಕವಾಡಿಗರಹಟ್ಟಿಯ ಅಂಗನವಾಡಿಗೆ ಒಂದು.
ಹೆರಿಗೆ ವಾರ್ಡಿನ ಬಿಸಿನೀರಿಗೆ ಎರಡು.
ಖಾನಾವಳಿ ಶಿವಲೀಲಕ್ಕನಿಗೆ ಇಲ್ಲ, ಸೌದೆ ಹಚ್ಚಲಿ.
ಬೀಗರೂಟದ ಮನೆಗೆ ಇಲ್ಲ. ಬೈದರು,
ಅದನ್ನೂ ಪುಸ್ತಕದಂಚಿಗೆ ಬರೆದುಕೊಂಡೆ.
ಹೆಸರು ಹೇಳದೆ ಫೋನಿಟ್ಟವರಿಗೆ ಮೂರು.
ಅದು ನಾನು ಕೊಟ್ಟದ್ದಲ್ಲ,
ಕೈಬರಹ ಮಾತ್ರ ನನ್ನದು.

ಭಾನುವಾರ ರಜ. ಮನೆಯಲ್ಲಿದ್ದರೆ
ಕಿವಿಯೊಳಗೆ ಸಾಲು ನಿಲ್ಲುತ್ತದೆಂದು ಕೋಟೆಗೆ ಹೋದೆ.
ಎಣ್ಣೆಕೊಳದ ಬದಿಗೆ ಚಪ್ಪಲಿ ಬಿಟ್ಟು ಕುಂತೆ.
ನೆಲಕ್ಕಿಳಿದ ಕಲ್ಲಿನ ಹೊಟ್ಟೆ,
ಒಳಗೊಂದು ಚಿಪ್ಸ್ ಪೊಟ್ಟಣ, ತಲೆಯಾಡಿಸುವ ಓತಿಕ್ಯಾತ.
ಇಲ್ಲೂ ಒಬ್ಬ ನನ್ನಂತೆ ಕೂತಿದ್ದಿರಬೇಕು.
ಶಾಸನದಲ್ಲಿ ಅಂಥವರ ಹೆಸರಿರುವುದಿಲ್ಲ.
ಬೊಮ್ಮಣ್ಣ ಅಂತ ನಾನೇ ಇಟ್ಟೆ.

ಕೆಳಗೆ ಬಯಲ ತುಂಬ ಪರರ ಡೇರೆ.
ಗಾಣಗಳೆಲ್ಲ ಊರಾಚೆ, ದಾರಿ ಅವರ ಕೈಯಲ್ಲಿ.
ಬುರುಜಿನ ಪಂಜಿಗೆ ಕೊಳಗ ಹೊಂಗೆಯೆಣ್ಣೆ,
ಬಾಣಂತಿ ಮನೆಗೆ ಪಾವು ಹರಳೆಣ್ಣೆ,
ದೇವರಿಗೆ ಎರಡು ಬತ್ತಿ ಇದ್ದದ್ದು ಒಂದಾಯಿತು.
ಪೂಜಾರಿ ಶಾಪ ಹಾಕಿದ,
ಅದನ್ನೂ ಕಡತದಂಚಿಗೆ ಬರೆದುಕೊಂಡ.

ಮೂರನೇ ತಿಂಗಳು ಕೋಲಿಳಿಸಿದರೆ ತುದಿ ಮಾತ್ರ ಒದ್ದೆ.
ಆ ರಾತ್ರಿ ಬೊಮ್ಮಣ್ಣ ಒಬ್ಬನೇ ನೀರು ಹೊತ್ತ,
ಕೊಡದ ಮೇಲೆ ಕೊಡ, ಕೊಡದ ಮೇಲೆ ಕೊಡ.
ಎಣ್ಣೆ ತೇಲುತ್ತ ತೇಲುತ್ತ ಮೇಲೆ ಬಂತು.
ಬೆಳಕು ಹರಿಯುವಾಗ ಕೊಳ ಕಂಠಮಟ್ಟ.
ಬೆರಳಷ್ಟು ಎಣ್ಣೆ,
ಅದರಡಿ ಆಳುದ್ದದ ಸುಳ್ಳು.

ನಾಯಕರು ಬಗ್ಗಿ ನೋಡಿದರು,
ತಮ್ಮದೇ ಮುಖ ಹೊಳೆಯಿತು, ಮೀಸೆ ತಿರುವಿ ಹೋದರು.
ಬೇಹಿನವನೂ ನೋಡಿದ, ಡೇರೆಗೆ ಸುದ್ದಿ ಒಯ್ದ.
ಕಾವಲಿನ ಹುಡುಗರು ಅವತ್ತು ಹೆದರದೆ ಉಂಡರು.
ಸೌಟು ಎಷ್ಟು ಆಳ ಹೋಗಬಾರದೆಂದು
ಒಬ್ಬನಿಗೆ ಮಾತ್ರ ಗೊತ್ತಿತ್ತು.

ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ.
ಕಲ್ಲೂ ಹೇಳುವುದಿಲ್ಲ.

ಸೋಮವಾರ, ಬೆಳಗಾಗುವ ಮುಂಚೆ,
ಖಾಲಿ ಸಿಲಿಂಡರುಗಳನ್ನು ಅಂಗಳದಲ್ಲಿ ಆಳೆತ್ತರ ಜೋಡಿಸಿದೆವು.
‘ಮೆಲ್ಲಕ ಇಳಿಸೋ ಸಣ್ಣಪಾಲಯ್ಯ, ಕೂಸು ಮಲಗಿಸಿದಂಗೆ.’
ತುಂಬಿದ ಕೊಡ ತುಳುಕುವುದಿಲ್ಲ, ಸರಿ,
ಖಾಲಿ ಸಿಲಿಂಡರು ಮಾತ್ರ ಮುಟ್ಟಿದರೆ ಗಂಟೆ.

ಸಾಲು ನೋಡಿತು. ಸಾಲಿನ ಹೆಗಲು ಇಳಿಯಿತು.
‘ಬೇಕಾದಷ್ಟೈತಿ ಬಿಡು, ನಾಳೆ ಬರಾನ’
ಅಂತ ಕೆಲವರು ಮನೆಗೂ ಹೋದರು.
ನನ್ನ ಮನೆಯ ಒಲೆ ಆರಿ ನಾಲ್ಕು ದಿನ,
ಅತ್ತೆ ಅವಲಕ್ಕಿ ನೆನೆಸುತ್ತಾಳೆ, ಕೇಳುವುದಿಲ್ಲ.

ಚೇಳುಗುಡ್ಡದ ಮಾಬುನ್ನಿ ಮುಂದೆ ಬಂದಳು,
ಎಪ್ಪತ್ತರ ಮುದುಕಿ, ಕೈಯಲ್ಲಿ ಬೆಳ್ಳಿಕಡಗ.
ಸಂತೆಯಲ್ಲಿ ಮಡಿಕೆ ಕೊಳ್ಳುವವಳ ಹಾಗೆ
ಕೆಳಗಿನ ಸಿಲಿಂಡರಿಗೆ ಒಮ್ಮೆ ತಟ್ಟಿದಳು.

ಠಣ್.

ಸಣ್ಣಪಾಲಯ್ಯ ಸುಮ್ಮಸುಮ್ಮನೆ ಕೆಮ್ಮಿದ.
ಅವಳು ನನ್ನ ಮುಖ ನೋಡಿದಳು,
ನಾನು ಪುಸ್ತಕ ನೋಡಿದೆ.

‘ಏನಬೇ ಅದು ಸದ್ದು?’ ಹಿಂದಿನಿಂದ ಯಾರೋ ಕೇಳಿದರು.

‘ನನ್ನ ಕಡಗ’ ಅಂದಳು ಮಾಬುನ್ನಿ.
ಸೆರಗು ತಲೆಗೆಳೆದುಕೊಂಡು
ತನ್ನ ಜಾಗಕ್ಕೇ ಹೋಗಿ ನಿಂತಳು.